ಮೊದಲು ಉಸಿರು, ಆಮೇಲೆ ಕಮಾನು

ಹದಿಮೂರು ಕಮಾನುಗಳು ಒಂದೇ ಕ್ಷಣದಲ್ಲಿ ತಂತಿಗೆ ಇಳಿಯಬೇಕು. ರಷ್ಯದ ರಚನಕಾರ ಚೈಕೋವ್‌ಸ್ಕಿ 1880ರಲ್ಲಿ ತಂತಿವಾದ್ಯಗಳಿಗೆಂದೇ ಬರೆದ ಸೆರೆನೇಡ್ ಎಂಬ ಕೃತಿ ಶುರುವಾಗುವುದೇ ಹಾಗೆ. ಪೀಠಿಕೆಯಿಲ್ಲ, ಒಬ್ಬರ ಹಿಂದೆ ಒಬ್ಬರು ಬಂದು ಸೇರುವ ಅನುಕೂಲವಿಲ್ಲ, ಎಲ್ಲರೂ ತುಂಬು ಕಮಾನಿನಲ್ಲಿ ಒಟ್ಟಿಗೆ. ಎದುರಿಗೆ ಕೋಲು ಆಡಿಸಿ ವಾದ್ಯವೃಂದ ನಡೆಸುವ ಕಂಡಕ್ಟರ್ ಇದ್ದರೆ ಅವರ ಕೈ ನೋಡಿ ಹೊರಡಬಹುದು. ನಮ್ಮದು ಬೆಂಗಳೂರಿನ ಪುಟ್ಟ ಚೇಂಬರ್ ಆರ್ಕೆಸ್ಟ್ರಾ, ಅಂದರೆ ಕೆಲವೇ ಜನರ ವಾದ್ಯವೃಂದ. ನಡೆಸುವವಳು ನಾನು, ನನ್ನ ಕೈಯಲ್ಲೂ ಪಿಟೀಲೇ. ಮೊದಲ ರಿಹರ್ಸಲಿನಲ್ಲಿ ಆ ಒಂದು ಸ್ವರಗುಚ್ಛವನ್ನೇ ಮುಕ್ಕಾಲು ಗಂಟೆ ನುಡಿಸಿದೆವು. ಒಂದು ಸಲವೂ ಕೂಡಿಬರಲಿಲ್ಲ.

ನಾನು ಪಿಟೀಲು ಕಲಿತದ್ದು ಮೈಸೂರಿನಲ್ಲಿ, ಚಾಪೆಯ ಮೇಲೆ ಕೂತು. ಎಂಟನೇ ವಯಸ್ಸಿಗೆ ಸರಳೆ, ಜಂಟಿ ವರಿಸೆ. ಹದಿನಾಲ್ಕಕ್ಕೆ ಮೇಷ್ಟ್ರು ಪಕ್ಕವಾದ್ಯಕ್ಕೆ ಕೂರಿಸಿದರು. ಹಾಡುವವರನ್ನು ಹಿಂಬಾಲಿಸಲಾಗದೆ ನಾನು ಒದ್ದಾಡುತ್ತಿದ್ದಾಗ ಅವರು ಹೇಳಿದ ಮಾತು ಇವತ್ತಿಗೂ ನನಗೆ ಅನ್ನ ಹಾಕುತ್ತಿದೆ: "ಹಾಡೋರ ಬಾಯಿ ನೋಡ್ಬೇಡಮ್ಮ, ಎದೆ ನೋಡು. ಎಷ್ಟು ಉಸಿರು ಎಳ್ಕೊಂಡ್ರು ಅನ್ನೋದ್ರಲ್ಲೇ ಮುಂದಿನ ಸಂಗತಿ ಎಷ್ಟುದ್ದ ಅಂತ ಗೊತ್ತಾಗತ್ತೆ."

ಹದಿನೇಳಕ್ಕೆ ಬೆಂಗಳೂರಿಗೆ ಬಂದು ಪಾಶ್ಚಾತ್ಯ ಪದ್ಧತಿ ಶುರುಮಾಡಿದೆ. ಸ-ಪ-ಸ-ಪ ಶ್ರುತಿಯಲ್ಲಿದ್ದ ತಂತಿಗಳು ಜಿ-ಡಿ-ಎ-ಇ ಆದವು. ಪಾದದ ಮೇಲೆ ಊರಿಕೊಂಡಿದ್ದ ಪಿಟೀಲು ಗದ್ದ ಮತ್ತು ಭುಜದ ನಡುವೆ ಬಂತು. ಅದೆಲ್ಲ ಆರು ತಿಂಗಳ ಕಷ್ಟ. ನಿಜವಾದ ಕಷ್ಟ ಎಡಗೈಯದು. ಪಾಶ್ಚಾತ್ಯರ ಸಿ ಮೇಜರ್ ಸ್ವರಶ್ರೇಣಿ ಅಂದರೆ ನಮ್ಮ ಶಂಕರಾಭರಣದ ಸ್ವರಸ್ಥಾನಗಳೇ. ಆದರೆ ನನ್ನ ಬೆರಳು ಯಾವ ಸ್ವರಕ್ಕೂ ನೇರವಾಗಿ ಹೋಗಿ ನಿಲ್ಲುತ್ತಿರಲಿಲ್ಲ, ಕೆಳಗಿನಿಂದ ಜಾರಿಕೊಂಡೇ ಬರುತ್ತಿತ್ತು. ಒಬ್ಬಳೇ ನುಡಿಸುವಾಗ ಅದು ಸೊಗಸು. ಹತ್ತು ಪಿಟೀಲುಗಳ ನಡುವೆ ಅದೇ ಜಾರುವಿಕೆ ಅಪಶ್ರುತಿ. ಮೂರು ವರ್ಷ ದಿನವೂ ಬರೀ ನೇರ ಸ್ವರಗಳನ್ನು ಸಾಧನೆ ಮಾಡಿದೆ. ಅದೇ ಹೊತ್ತಿಗೆ ಒಂದು ವಾದ್ಯವೃಂದದ ಆಯ್ಕೆಯಲ್ಲಿ "ಕರ್ನಾಟಕ ಸಂಗೀತದ ಕೈ ಇದು, ತಿದ್ದೋಕಾಗಲ್ಲ" ಎಂದು ವಾಪಸ್ ಕಳಿಸಿದರು. ಬಸ್ಸಿನಲ್ಲಿ ಅಳುತ್ತಲೇ ಮನೆಗೆ ಬಂದೆ.

ಇತ್ತ ನೆಂಟರದು ಬೇರೆ ರಾಗ: "ಇದು ನಮ್ಮದಲ್ಲ, ಯಾಕಮ್ಮ?" ಮೈಸೂರಿನವರು ಹಾಗೆ ಕೇಳಬಾರದು ಅಂತ ನನಗೆ ಆಗಲೂ ಅನಿಸುತ್ತಿತ್ತು. ಅರಮನೆಯಲ್ಲಿ ನಮ್ಮ ವಿದ್ವಾಂಸರ ಜೊತೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಜಯಚಾಮರಾಜ ಒಡೆಯರು ತಾವೇ ಕೃತಿಗಳನ್ನು ರಚಿಸಿದವರು, ರಷ್ಯದ ರಚನಕಾರ ಮೆಟ್ನರ್ ಅವರ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದದ್ದೂ ಈ ಮಹಾರಾಜರ ನೆರವಿನಿಂದ. ಪಿಟೀಲು ಅಂತೂ ಅದನ್ನು ಕರ್ನಾಟಕ ಸಂಗೀತಕ್ಕೆ ತಂದ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ನಮ್ಮ ಮನೆಯದೇ.

ಕೆಲವು ವರ್ಷ ಬೇರೆ ಬೇರೆ ತಂಡಗಳಲ್ಲಿ ಎರಡನೇ ಪಿಟೀಲಿನ ಹಿಂದಿನ ಸಾಲಿನಲ್ಲಿ ನುಡಿಸಿದೆ. ಅಲ್ಲಿ ಕೂತಾಗ ಇಂಗ್ಲೆಂಡಿನ ಪಿಟೀಲುವಾದಕ ನೆವಿಲ್ ಮ್ಯಾರಿನರ್ ನನಗೆ ಆದರ್ಶವಾದರು. 1959ರಲ್ಲಿ ಲಂಡನ್ನಿನ ಒಂದು ಚರ್ಚಿನಲ್ಲಿ ಮೊದಲ ಕಚೇರಿ ಕೊಟ್ಟ ಅವರ ಪುಟ್ಟ ತಂಡಕ್ಕೆ ಕಂಡಕ್ಟರ್ ಇರಲಿಲ್ಲ, ಮೊದಲ ಕುರ್ಚಿಯಿಂದ ಪಿಟೀಲು ನುಡಿಸುತ್ತಲೇ ಅವರು ನಡೆಸುತ್ತಿದ್ದರು. ತಂಡ ದೊಡ್ಡದಾದಂತೆ, ಫ್ರಾನ್ಸಿನ ಕಂಡಕ್ಟರ್ ಪಿಯರ್ ಮೊಂಟೋ ಅವರ ಪ್ರೋತ್ಸಾಹದಿಂದ ಕೋಲು ಹಿಡಿದರು. ಇಪ್ಪತ್ತು ಜನರವರೆಗೆ ಕೋಲು ಬೇಡ ಎಂಬುದು ನನ್ನ ಅನುಭವ. ಕಂಡಕ್ಟರ್ ಇದ್ದರೆ ಜನ ನೋಡುತ್ತಾರೆ, ಇಲ್ಲದಿದ್ದರೆ ಕೇಳಿಸಿಕೊಳ್ಳುತ್ತಾರೆ.

ನಾನು ಕಟ್ಟಿದ ತಂಡದಲ್ಲಿ ಮೊದಲ ಪಿಟೀಲು ನಾಲ್ಕು, ಎರಡನೆಯದು ಮೂರು, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ಮೂರು, ಅದಕ್ಕಿಂತ ತಗ್ಗು ದನಿಯ ಚೆಲೋ ಎರಡು, ಎಲ್ಲಕ್ಕಿಂತ ದೊಡ್ಡದಾದ ಡಬಲ್ ಬಾಸ್ ಒಂದು. ಜನ ಹೆಚ್ಚಿದಷ್ಟೂ ಒಳ್ಳೆಯದು ಎಂದು ಚೈಕೋವ್‌ಸ್ಕಿ ಸೆರೆನೇಡಿನ ಪ್ರತಿಯಲ್ಲೇ ಬರೆದಿದ್ದಾರೆ. ನಮ್ಮ ಹತ್ತಿರ ಇದ್ದದ್ದು ಹದಿಮೂರು. ಬಹುತೇಕರು ಹಗಲು ಮಕ್ಕಳಿಗೆ ಪಾಠ ಹೇಳಿ ಸಂಜೆ ಬರುವವರು.

ಆ ಮೊದಲ ಸ್ವರ ಯಾಕೆ ಕೂಡುತ್ತಿರಲಿಲ್ಲ? ಫೋನಿನಲ್ಲಿ ವಿಡಿಯೋ ಹಿಡಿದು ನೋಡಿದೆ. ತಪ್ಪು ನನ್ನಲ್ಲೇ ಇತ್ತು. ನಾನು ತಲೆ ಆಡಿಸಿ ಸನ್ನೆ ಕೊಡುತ್ತಿದ್ದೆ, ಒಂದೊಂದು ಸಲ ಒಂದೊಂದು ವೇಗದಲ್ಲಿ. ಇನ್ನೊಂದು ವಿಷಯವೂ ಕಂಡಿತು. ಡಬಲ್ ಬಾಸಿನ ದಪ್ಪ ತಂತಿ ಕಮಾನು ಮುಟ್ಟಿದ ಕೂಡಲೇ ಮಾತಾಡುವುದಿಲ್ಲ, ಅದನ್ನು ನುಡಿಸುವವರು ಕೂದಲೆಳೆಯಷ್ಟು ಮೊದಲೇ ಹೊರಡಬೇಕು. ಬಲತುದಿಯಲ್ಲಿ ನಿಂತಿದ್ದ ಅವರಿಗೆ ಚೆಲೋದವರು ಅಡ್ಡವಾಗಿ ನಾನು ಕಾಣುತ್ತಲೇ ಇರಲಿಲ್ಲ. ಅವರನ್ನು ಹಿಂದೆ ನಡುವಿಗೆ ತಂದು ನಿಲ್ಲಿಸಿದೆ. ನಾನು ಸಭಿಕರಿಗೆ ಅರ್ಧ ಬೆನ್ನು ಹಾಕಿ ನಿಂತೆ, ಬಲಮೊಣಕೈ ಎಲ್ಲರಿಗೂ ಕಾಣುವಂತೆ.

ಆಮೇಲೆ ಮೇಷ್ಟ್ರ ಮಾತನ್ನು ತಿರುಗುಮುರುಗು ಮಾಡಿದೆ. ಅಲ್ಲಿ ನಾನು ಇನ್ನೊಬ್ಬರ ಎದೆ ನೋಡುತ್ತಿದ್ದೆ, ಇಲ್ಲಿ ಹನ್ನೆರಡು ಜನ ನನ್ನದನ್ನು ನೋಡಬೇಕು. ತಲೆ ಅಲುಗಿಸುವುದನ್ನು ಪೂರ್ತಿ ಬಿಟ್ಟೆ. ಮೂಗಿನಿಂದ ಉಸಿರು ಎಳೆಯುತ್ತಾ ಪಿಟೀಲಿನ ತುದಿಯ ಸುರುಳಿಯನ್ನು ಎರಡು ಅಂಗುಲ ಎತ್ತಿ, ಕಮಾನನ್ನು ಗಾಳಿಯಲ್ಲೇ ತಿರುಗಿಸಿ ಇಳಿಸುವುದು. ಆ ಉಸಿರಿನ ಉದ್ದವೇ ಮುಂದಿನ ಲಯ, ಅದರ ಬಿರುಸೇ ಮುಂದಿನ ನಾದ. ಎಲ್ಲರೂ ನನ್ನೊಂದಿಗೆ ಉಸಿರು ಎಳೆಯಬೇಕು ಎಂದೆ, ಕೇಳಿಸುವ ಹಾಗೆ. ವಾದ್ಯ ಕೆಳಗಿಟ್ಟು ಉಸಿರು ಮಾತ್ರ ಹತ್ತು ಸಲ ಮಾಡಿದೆವು. ಆಮೇಲೆ ಕಣ್ಣು ಮುಚ್ಚಿ ನುಡಿಸಿದೆವು. ಕೂಡಿಬಂತು. ಯಾರೂ ಮಾತಾಡಲಿಲ್ಲ. ವಯೋಲಾದವರೊಬ್ಬರು "ಇನ್ನೊಂದ್ಸಲ" ಅಂದರು.

ತೆರೆಮರೆಯ ಕೆಲಸ ಬಹಳ. ಯಾವ ಸ್ವರಕ್ಕೆ ಕಮಾನು ಕೆಳಕ್ಕೆ, ಯಾವುದಕ್ಕೆ ಮೇಲಕ್ಕೆ ಎಂದು ಐದೂ ವಾದ್ಯಗುಂಪುಗಳ ಪ್ರತಿಗಳಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಲು ನನಗೆ ಒಂದು ವಾರ ಬೇಕು. ಇಂಕು ಬಳಸುವುದಿಲ್ಲ, ಅರ್ಧದಷ್ಟು ಗುರುತು ಮೊದಲ ರಿಹರ್ಸಲಿನಲ್ಲೇ ಅಳಿಸಬೇಕಾಗುತ್ತದೆ. ಅದಕ್ಕೂ ಮೊದಲು ವಯೋಲಾ ಭಾಗವನ್ನು ನಾನೇ ನುಡಿಸಿ ಕಲಿಯುತ್ತೇನೆ. ಮೇಲಿನ ರಾಗ ಯಾರಿಗೂ ಕೇಳಿಸುತ್ತದೆ, ನಡುವಿನ ದನಿ ಗೊತ್ತಿಲ್ಲದವರು ತಂಡ ನಡೆಸಬಾರದು. ಮಾರ್ಚಿನ ಒಣಹವೆಯಲ್ಲಿ ಬಿರಡೆ ಜಾರುವುದು, ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುವುದು, ಇವೆಲ್ಲ ಇದ್ದದ್ದೇ.

ಕಚೇರಿಯ ದಿನ ಸೆರೆನೇಡಿನ ಎರಡನೇ ಭಾಗವಾದ, ಕುಣಿತದ ಲಯದ ವಾಲ್ಟ್ಸ್‌ನ ನಡುವೆ ನನ್ನ ಇ ತಂತಿ ಟಪ್ಪೆಂದು ಹರಿಯಿತು. ತಂಡ ನಿಲ್ಲಲಿಲ್ಲ. ಪಕ್ಕದ ಹುಡುಗಿ ನಾನು ತಿರುಗುವಷ್ಟರಲ್ಲಿ ತನ್ನ ಪಿಟೀಲು ಚಾಚಿದ್ದಳು. ನನ್ನದನ್ನು ಅವಳು ಹಿಂದಿನವರಿಗೆ ದಾಟಿಸಿ ಅವರ ವಾದ್ಯ ತೆಗೆದುಕೊಂಡಳು, ಕೊನೆಯವರು ಎದ್ದು ಒಳಗೆ ಹೋಗಿ ಹೊಸ ತಂತಿ ಕಟ್ಟಿದರು. ಆರ್ಕೆಸ್ಟ್ರಾಗಳಲ್ಲಿ ಹಳೆಯ ಪದ್ಧತಿ ಅದು. ಆದರೆ ಹೊಸ ತಂತಿ ಕೂಡಲೇ ಶ್ರುತಿಯಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಕೊನೆಯವರೆಗೂ ಅವಳದ್ದರಲ್ಲೇ ನುಡಿಸಿದೆ. ನಾಲ್ಕನೇ ಭಾಗ ಮುಗಿಯುವ ಮುನ್ನ ಆ ಮೊದಲಿನ ಸಂಗೀತ ಮತ್ತೆ ಬರುತ್ತದೆ. ಕೈಯಲ್ಲಿ ಪರಿಚಯವಿಲ್ಲದ ವಾದ್ಯ, ಸುರುಳಿ ಎಷ್ಟು ಎತ್ತಬೇಕೆಂಬ ಅಂದಾಜೂ ಇಲ್ಲ. ಉಸಿರು ಎಳೆದೆ. ಹಿಂದಿನಿಂದ ಹನ್ನೆರಡು ಉಸಿರು ಕೇಳಿಸಿತು.

ಅವಳ ಪಿಟೀಲಿನ ಗದ್ದದಾಸರೆ ಎತ್ತರದ್ದು. ಅದು ಒತ್ತಿದ ಗುರುತು ನನ್ನ ಕುತ್ತಿಗೆಯ ಮೇಲೆ ಎರಡು ದಿನ ಇತ್ತು.