ಅಟಕಾಮಾ ಮರುಭೂಮಿಯ ಲಾಡ್ಜಿನಲ್ಲಿ ಐದು ದಿನ: ಮೊದಲು ಎತ್ತರದ ಲೆಕ್ಕ

ಚಿಲಿಯ ಸ್ಯಾನ್ ಪೆಡ್ರೊ ಡಿ ಅಟಕಾಮಾ ಸುತ್ತಲಿನ ದುಬಾರಿ ಲಾಡ್ಜುಗಳಲ್ಲಿ ಊಟ, ಗೈಡು, ವಾಹನ, ತಿರುಗಾಟ ಎಲ್ಲವೂ ಸಾಮಾನ್ಯವಾಗಿ ಪ್ಯಾಕೇಜಿನಲ್ಲೇ ಸೇರಿರುತ್ತವೆ. ಕೊಟ್ಟ ದುಡ್ಡು ದಕ್ಕಲಿ ಎಂದು ಇಳಿದ ಮರುದಿನವೇ ದೊಡ್ಡ ತಿರುಗಾಟಕ್ಕೆ ಹೆಸರು ಬರೆಸುವವರು ಬಹಳ. ಎಡವಟ್ಟಾಗುವುದು ಅಲ್ಲೇ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಮೇಲೆ. ಎಲ್ ಟಾಟಿಯೊ ಬಿಸಿನೀರಿನ ಬುಗ್ಗೆಗಳು 4,300 ಮೀಟರಿನಲ್ಲಿವೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಈ ವ್ಯತ್ಯಾಸವನ್ನು ಮೈಗೆ ಮೆಲ್ಲಗೆ ಉಣಿಸಬೇಕು.

ರಾಜಧಾನಿ ಸ್ಯಾಂಟಿಯಾಗೊದಿಂದ ಕಲಾಮಾ ಊರಿಗೆ ಸುಮಾರು ಎರಡು ಗಂಟೆ ವಿಮಾನ, ಅಲ್ಲಿಂದ 100 ಕಿಲೋಮೀಟರ್ ರಸ್ತೆ. ಆ ದಿನ ಏನೂ ಬೇಡ: ನೀರು, ಹಗುರ ಊಟ, ನಿದ್ದೆ. ವೈನ್ ಪುಕ್ಕಟೆ ಸಿಕ್ಕರೂ ಮೊದಲ ಎರಡು ರಾತ್ರಿ ಬಿಡಿ. ಎರಡನೆಯ ದಿನ ಚಂದ್ರ ಕಣಿವೆ, ಮೂರನೆಯ ದಿನ ಉಪ್ಪಿನ ಬಯಲಿನ ಫ್ಲೆಮಿಂಗೊಗಳು. ಇವೆರಡೂ ಹೆಚ್ಚುಕಡಿಮೆ ಊರಿನ ಮಟ್ಟದಲ್ಲೇ ಇವೆ. ನಾಲ್ಕನೆಯ ದಿನ 4,000 ಮೀಟರ್ ದಾಟಿದ ಮಿಸ್ಕಾಂಟಿ ಸರೋವರದ ಕಡೆ. ಟಾಟಿಯೊ ಕೊನೆಗೆ. ಎರಡೇ ರಾತ್ರಿ ಉಳಿಯುವುದಾದರೆ ಟಾಟಿಯೊ ಆಸೆ ಬಿಡುವುದು ಒಳ್ಳೆಯದು. ಸಂಜೆ ಗೈಡು ಮರುದಿನದ ಯೋಜನೆ ಹಾಕಲು ಕೂತಾಗ ಕೇಳಬೇಕಾದ ಮೊದಲ ಪ್ರಶ್ನೆ, "ಅತಿ ಎತ್ತರದ ಜಾಗ ಎಷ್ಟು ಮೀಟರ್, ಅಲ್ಲಿ ಎಷ್ಟು ಹೊತ್ತು ಇರುತ್ತೇವೆ?"

ತಲೆನೋವಿನ ಜೊತೆ ವಾಕರಿಕೆ ಬಂದರೆ ಮೇಲೆ ಹೋಗಬೇಡಿ. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಕಾಯದೆ ಕೆಳಗಿಳಿಯಬೇಕು. ಎತ್ತರದ ಕಾಯಿಲೆ ತಡೆಯುವ ಅಸಿಟಜೋಲಮೈಡ್ ಮಾತ್ರೆ ಬೇಕೇ ಎಂದು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ. ಸಲ್ಫಾ ಗುಂಪಿನ ಔಷಧಿಗಳಿಗೆ ಅಲರ್ಜಿ ಇದ್ದರೆ ಮರೆಯದೆ ಹೇಳಿ.

ಟಾಟಿಯೊಗೆ ಬೆಳಗಿನ ಜಾವ ಐದರ ಆಸುಪಾಸಿಗೆ ಹೊರಡಿಸುತ್ತಾರೆ. ಕಾರಣ ಇದೆ: ಹವೆ ಕೊರೆಯುವಷ್ಟು ತಣ್ಣಗಿರುವಾಗ ಮಾತ್ರ ಹಬೆ ದಟ್ಟ ಕಂಬಗಳಾಗಿ ನಿಲ್ಲುತ್ತದೆ, ಬಿಸಿಲೇರಿದಂತೆ ಕರಗುತ್ತದೆ. ಚಳಿಗಾಲದ ಮುಂಜಾನೆ ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುವುದುಂಟು. ಹತ್ತು ಗಂಟೆಗೆ ಜಾಕೆಟ್ಟೇ ಭಾರ. ಆದ್ದರಿಂದ ಒಂದೇ ದಪ್ಪ ಕೋಟಿನ ಬದಲು ತೆಳು ಉಣ್ಣೆ, ಫ್ಲೀಸ್, ಗಾಳಿ ತಡೆಯುವ ಹೊರಕವಚ ಎಂದು ಮೂರು ಪದರ ಹಾಕಿ. ಕೈಗವಸು, ಟೋಪಿ ಬೇರೆ. ಕ್ಯಾಮೆರಾ ಬ್ಯಾಟರಿಯನ್ನು ಒಳಜೇಬಿನಲ್ಲಿಡಿ, ಇಲ್ಲದಿದ್ದರೆ ಚಳಿಗೆ ಬೇಗ ಕೈಕೊಡುತ್ತದೆ. ಅಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಕಡಿಮೆ ಎಂದು ಹಗುರ ಮಾಡಬೇಡಿ, ಕಾಲಿನ ಚರ್ಮ ಸುಲಿಯಲು ಅಷ್ಟು ಸಾಕು. ಬುಗ್ಗೆಯಂಚಿನ ನೆಲ ಗಟ್ಟಿಯಾಗಿ ಕಂಡರೂ ತೆಳು ಹೊದಿಕೆಯಾಗಿರಬಹುದು. ಗುರುತಿಗಿಟ್ಟ ಕಲ್ಲುಗಳನ್ನು ದಾಟಬೇಡಿ.

ಸನ್‌ಸ್ಕ್ರೀನ್ ಎಸ್‌ಪಿಎಫ್ 50 ಇರಲಿ, ಎರಡು ಗಂಟೆಗೊಮ್ಮೆ ಹಚ್ಚಿ. ಸಮುದ್ರಮಟ್ಟದಲ್ಲಿ ಮುಚ್ಚಿದ ಟ್ಯೂಬು ಮೇಲೆ ಉಬ್ಬಿರುತ್ತದೆ, ಮುಚ್ಚಳ ತೆಗೆದ ಕೂಡಲೇ ಅರ್ಧ ಕೈಗೆ, ಅರ್ಧ ಅಂಗಿಗೆ! ಮೊದಲು ಬಾಯಿ ಮೇಲ್ಮುಖ ಮಾಡಿ, ಮುಚ್ಚಳ ತುಸುವೇ ಸಡಿಲಿಸಿ, ಗಾಳಿ ಹೋಗಲು ಬಿಡಿ. ಒಣಹವೆಗೆ ತುಟಿ ಬಿರಿಯುತ್ತದೆ, ಮೂಗಿನಲ್ಲಿ ರಕ್ತ ಬರಲೂಬಹುದು. ಮಲಗುವ ಮುನ್ನ ಮೂಗಿಗೆ ಸಲೈನ್ ಸ್ಪ್ರೇ, ತುಟಿಗೆ ವ್ಯಾಸಲೀನ್.

ನಲ್ಲಿ ನೀರು ಕುಡಿಯಬೇಡಿ. ಈ ಪ್ರದೇಶದ ನೀರಿನಲ್ಲಿ ನೈಸರ್ಗಿಕವಾಗಿಯೇ ಆರ್ಸೆನಿಕ್ ಇದೆ, ಕುದಿಸಿದರೆ ಅದು ಹೋಗುವುದಿಲ್ಲ. ಲಾಡ್ಜಿನವರು ಕೊಡುವ ಶುದ್ಧ ನೀರನ್ನೇ ಬಾಟಲಿಗೆ ತುಂಬಿಕೊಳ್ಳಿ.

ಆಕಾಶ ನೋಡಲೆಂದೇ ಹೋಗುವವರು ಅಮಾವಾಸ್ಯೆಯ ಆಸುಪಾಸಿನಲ್ಲಿ ಬುಕ್ ಮಾಡಿ. ಹುಣ್ಣಿಮೆಗೆ ಕ್ಷೀರಪಥ ಮಸುಕಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಎತ್ತರದ ಮೇಲೆ ಮಳೆಮೋಡ ಕವಿಯುತ್ತದೆ, ರಸ್ತೆಗಳೂ ಮುಚ್ಚಬಹುದು.

ಕಾಗದಪತ್ರ ಮೂರು ಕಡೆ ಕಾಡಬಹುದು. ಚಿಲಿಯೊಳಗೆ ಬರುವಾಗ ಹಣ್ಣು, ಬೀಜ, ಜೇನು ಇದ್ದರೆ ಘೋಷಿಸಿ, ಮುಚ್ಚಿಟ್ಟರೆ ದಂಡ. ವಲಸೆ ಅಧಿಕಾರಿಗಳು ಪ್ರವೇಶದ ಚೀಟಿ ಕೊಟ್ಟರೆ ಜೋಪಾನ: ವಿದೇಶಿ ಪ್ರವಾಸಿಗರು ಆ ಚೀಟಿ, ಪಾಸ್‌ಪೋರ್ಟ್ ತೋರಿಸಿ ಡಾಲರ್‌ನಲ್ಲಿ ಪಾವತಿಸಿದರೆ, ನೋಂದಾಯಿತ ವಸತಿಗಳಲ್ಲಿ 19% ವ್ಯಾಟ್ ವಿನಾಯಿತಿ ಸಿಗುತ್ತದೆ. ಹೇಳಿದ ದರ ವ್ಯಾಟ್ ಬಿಟ್ಟೋ ಸೇರಿಸಿಯೋ ಎಂದು ಬುಕಿಂಗ್ ವೇಳೆಗೇ ಕೇಳಿಟ್ಟುಕೊಳ್ಳಿ. ಎತ್ತರದ ತಲೆಭಾರಕ್ಕೆಂದು ಅಲ್ಲಿ ಮಾರುವ ಕೋಕಾ ಎಲೆಯನ್ನು ಮಾತ್ರ ವಾಪಸಾಗುವಾಗ ಚೀಲಕ್ಕೆ ಹಾಕಬೇಡಿ; ಹಲವು ದೇಶಗಳಲ್ಲಿ ಅದು ಮಾದಕವಸ್ತುಗಳ ಪಟ್ಟಿಯಲ್ಲಿದೆ.