ಶಾರ್ಕ್ ಪಂಜರಕ್ಕೆ ತೋಟದ ಕೆರೆಯಲ್ಲೇ ತಯಾರಿ: ನನ್ನ ಅನುಭವ

ಸಮುದ್ರದಲ್ಲಿ ಪಂಜರದೊಳಗೆ ನಿಂತು ಗ್ರೇಟ್ ವೈಟ್ ಶಾರ್ಕ್ ನೋಡೋಕೆ ಕೊಡಗಿನ ಕೆರೆಯಲ್ಲಿ ಮುಳುಗಿ ತಯಾರಾಗೋಕೆ ಆಗಲ್ಲ ಅಂತ ನೇತ್ರಾಣಿಯಲ್ಲಿ ಡೈವ್ ಮಾಡಿದವರೆಲ್ಲ ಹೇಳಿದ್ದರು. ಆಗುತ್ತೆ. ದಕ್ಷಿಣ ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳಲ್ಲಿ ಜೊತೆಯವರು ನಡುಗುತ್ತ ಏಣಿ ಹತ್ತಿದ ಮೇಲೂ ನಾನು ಪಂಜರದಲ್ಲೇ ಇದ್ದೆ. ನೇತ್ರಾಣಿ ನೀರು 28 ಡಿಗ್ರಿ ಆಸುಪಾಸು, ನೆಪ್ಚೂನಿನಲ್ಲಿ ಚಳಿಗಾಲದಲ್ಲಿ, ಅಂದರೆ ನಮ್ಮ ಮಳೆಗಾಲದ ಹೊತ್ತಿಗೆ, 15-16. ಆದರೆ ದೊಡ್ಡ ಹೆಣ್ಣು ಶಾರ್ಕುಗಳು ಬರುವುದು ಆ ಚಳಿಯಲ್ಲೇ.

ಕಾಫಿ ಕೊಯ್ಲಿನ ಹೊತ್ತಿಗೆ ನಮ್ಮ ಕೆರೆ ಬೆಳಗ್ಗೆ 19ರ ಹತ್ತಿರ ಇರುತ್ತದೆ. 7 ಮಿ.ಮೀ. ದಪ್ಪದ ಡೈವಿಂಗ್ ಸೂಟ್ ಬದಲು 3 ಮಿ.ಮೀ.ಯದ್ದು ಹಾಕಿ, ಹುಡ್ (ತಲೆಗವಸು) ಇಲ್ಲದೆ ಅರ್ಧ ಗಂಟೆ ಕೂತರೆ ಚಳಿ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಎದೆಮಟ್ಟದ ನೀರು ಸಾಕು, ದಡದಲ್ಲಿ ಒಬ್ಬರು ಇರಲೇಬೇಕು.

ಕೆರೆಯ ಅಭ್ಯಾಸದ ಪಂಜರಕ್ಕೆ ಜಿಐ ಪೈಪ್, ವೆಲ್ಡಿಂಗ್ ಸೇರಿ ಒಂಬತ್ತು ಸಾವಿರ ಬಿತ್ತು. ಪೈಪಿನ ತುದಿ ಮುಚ್ಚಿ ಬೆಸೆದಿದ್ದರಿಂದ ಒಳಗೆ ಗಾಳಿ ನಿಂತು ಅದು ತಳಕ್ಕೆ ಕೂರದೆ ವಾಲುತ್ತಿತ್ತು. ಪ್ರತಿ ಪೈಪಿಗೆ ಮೇಲೊಂದು, ಕೆಳಗೊಂದು ತೂತು ಕೊರೆದ ಮೇಲೆ ಸರಿಯಾಯಿತು. ಮೇಲ್ಭಾಗ ತೆರೆದೇ ಇರಲಿ. ನಾಲ್ಕು ಮೂಲೆಗೆ ಹಗ್ಗ ಕಟ್ಟಿ ದಡದಿಂದ ಎಳೆದಾಡಿಸಿದರೆ ಅಲೆಯ ಅಭ್ಯಾಸವೂ ಆಗುತ್ತದೆ. ಟಯರಿಗೆ ಗಾಳಿ ಹಾಕುವ ಕಂಪ್ರೆಸರಿನಿಂದ ಉಸಿರಾಡುವ ಯೋಚನೆ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ, ಎಣ್ಣೆ ಹಬೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಮುಳುಗಲು ಮೈಗೆ ಕಟ್ಟಿಕೊಳ್ಳುವ ತೂಕದ ಕೆರೆಯ ಲೆಕ್ಕ ಸಮುದ್ರಕ್ಕೆ ಹೊಂದುವುದಿಲ್ಲ. ಉಪ್ಪುನೀರಿಗೇ ಎರಡು ಕಿಲೋ ಜಾಸ್ತಿ ಬೇಕು, ದಪ್ಪ ಸೂಟಿಗೆ ಇನ್ನಷ್ಟು. ಪಂಜರದಲ್ಲಿ ತೇಲಬಾರದು, ಕಾಲೂರಿ ನಿಲ್ಲಬೇಕು; ನನಗೆ ಇಪ್ಪತ್ತು ಕಿಲೋ ಹತ್ತಿರ ಹಿಡಿಯಿತು. ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಬೇಡ, ಬೂಟ್ ಸಾಕು.

ಕ್ಯಾಮೆರಾದಲ್ಲಿ ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಎರಡು ಮೀಟರ್ ಆಳಕ್ಕೆ ಕೆಂಪು ಫಿಲ್ಟರ್ ದಂಡ. ಶಾರ್ಕನ್ನು ಸೆಳೆಯಲು ಹಗ್ಗಕ್ಕೆ ಕಟ್ಟಿದ ಟ್ಯೂನಾ ಮೀನಿನ ತುಂಡನ್ನೇ ನೋಡುತ್ತ ನಿಂತವರಿಗೆ ಬಾಲವಷ್ಟೇ ಸಿಗುತ್ತದೆ, ಶಾರ್ಕ್ ಕೆಳಗಿನಿಂದ, ಬೆನ್ನ ಹಿಂದಿನಿಂದ ಬರುತ್ತದೆ.

ವಿಮಾನ, ವೀಸಾ, ಪೋರ್ಟ್ ಲಿಂಕನ್‌ನಿಂದ ದೋಣಿ ಎಲ್ಲ ಸೇರಿ ಮೂರು ಲಕ್ಷದ ಒಳಗೆ ಮುಗಿಯಿತು. ಗ್ರೇಟ್ ವೈಟ್ ನೋಡಲು ಹೆಸರಾಗಿದ್ದ ಗ್ವಾಡಲೂಪೆ ದ್ವೀಪದಲ್ಲಿ ಶಾರ್ಕ್ ಪ್ರವಾಸವನ್ನು ಮೆಕ್ಸಿಕೊ 2023ರಲ್ಲಿ ಮುಚ್ಚಿದ್ದರಿಂದ ಆ ಆಯ್ಕೆ ಇರಲಿಲ್ಲ.

ನಮ್ಮ ಮಳೆಗಾಲದ ತೇವದ ಗಾಳಿಯಲ್ಲಿ ಹೌಸಿಂಗ್ (ಕ್ಯಾಮೆರಾದ ನೀರು ಹೋಗದ ಡಬ್ಬಿ) ಮುಚ್ಚಿದರೆ ತಣ್ಣೀರಿಗೆ ಇಳಿದ ಕೂಡಲೇ ಒಳಗೆ ಮಂಜು ಕಟ್ಟುತ್ತದೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ರಾತ್ರಿಯಿಡೀ ತೆರೆದಿಟ್ಟು, ಎಸಿ ಕೋಣೆಯಲ್ಲಿ ಮುಚ್ಚಿ. ಮಂಜು ಕಟ್ಟದಂತೆ ಮಾಸ್ಕಿಗೆ ನಾನು ಹಚ್ಚುವ ಮಿಶ್ರಣ ಮಾತ್ರ ಇಲ್ಲಿ ಹೇಳುವುದಿಲ್ಲ.