ಕ್ವಿಂಟಲ್ ಗೊತ್ತಿದ್ದರೆ ಶೇಕಡಾ ಸುಲಭ

ಒಂದು ಕ್ವಿಂಟಲ್ ಅಂದರೆ ನೂರು ಕಿಲೋ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಾಲಿ ಅಡಿಕೆಗೆ ಎಷ್ಟು, ರಾಶಿ ಅಡಿಕೆಗೆ ಎಷ್ಟು ಅಂತ ಮನೆಯಲ್ಲಿ ದೊಡ್ಡವರು ಮಾತಾಡುವುದೆಲ್ಲ ಕ್ವಿಂಟಲ್ ಲೆಕ್ಕದಲ್ಲೇ. ಅದೇ ಮಕ್ಕಳಿಗೆ 0.4 ಅನ್ನು ಶೇಕಡಾ ರೂಪದಲ್ಲಿ ಬರೆಯಿರಿ ಅಂದರೆ, ಎಷ್ಟೋ ಜನ 4% ಅಂತ ಬರೆದುಬಿಡುತ್ತಾರೆ. ಕ್ವಿಂಟಲ್ ಇಟ್ಟುಕೊಂಡು ಯೋಚಿಸಿದರೆ ಈ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಮೊದಲು ಶೇಕಡಾ ಅಂದರೇನು ನೋಡೋಣ. ನೂರಕ್ಕೆ ಎಷ್ಟು ಅನ್ನುವುದೇ ಶೇಕಡಾ. ಮರಾಠಿಯಲ್ಲಿ ‘ಶೇಕಡಾ’ ಅಂದರೆ ನೂರು. ಹಾಗಾಗಿ ಕಾರವಾರದ ಕಡೆ ಮರಾಠಿ ಬಲ್ಲ ಮಕ್ಕಳಿಗೆ ಅರ್ಥ ಆ ಪದದಲ್ಲೇ ಸಿಗುತ್ತದೆ.

ಈಗ ಒಂದು ಚೀಲದಲ್ಲಿ 0.65 ಕ್ವಿಂಟಲ್ ಅಡಿಕೆ ಇದೆ ಅಂದುಕೊಳ್ಳಿ. ಎಷ್ಟು ಕಿಲೋ ಆಯಿತು? 65. ಅಂದರೆ ನೂರಕ್ಕೆ 65. ಆದ್ದರಿಂದ 0.65 ಅಂದರೆ 65%. ಇಲ್ಲಿ ನೀವು ಮಾಡಿದ್ದು ಇಷ್ಟೇ: 100ರಿಂದ ಗುಣಿಸಿದಿರಿ, ಕೊನೆಗೆ % ಹಾಕಿದಿರಿ. 100ರಿಂದ ಗುಣಿಸಿದರೆ ದಶಮಾಂಶ ಬಿಂದು ಎರಡು ಮನೆ ಬಲಕ್ಕೆ ಹೋಗುತ್ತದೆ.

ಎಡವುವುದು 0.4ರಲ್ಲಿ. ಬಿಂದುವಿನ ಬಲಕ್ಕೆ ಒಂದೇ ಅಂಕಿ ಇದೆ, ಎರಡು ಮನೆ ಸರಿಸುವುದು ಹೇಗೆ? ಕೊನೆಗೆ ಒಂದು ಸೊನ್ನೆ ಸೇರಿಸಿ, 0.40 ಅಂತ ಬರೆಯಿರಿ. ಬೆಲೆ ಬದಲಾಗುವುದಿಲ್ಲ. ಈಗ ಬಿಂದು ಸರಿಸಿದರೆ 40%. 0.4 ಕ್ವಿಂಟಲ್ ಅಂದರೆ 40 ಕಿಲೋ ಅಲ್ವಾ? ನಾಲ್ಕು ಕಿಲೋ ಆಗಬೇಕಾದರೆ 0.04 ಕ್ವಿಂಟಲ್ ಇರಬೇಕು.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ತೊಂದರೆ ಕೊಡುತ್ತದೆ. ಬಿಂದುವನ್ನು ಸರಿಸದೆ ಸುಮ್ನೆ ಚಿಹ್ನೆ ಅಂಟಿಸುವುದು. 0.65 ಮತ್ತು 0.65% ಒಂದೇ ಅಲ್ಲ. ಮೊದಲನೆಯದು ಕ್ವಿಂಟಲ್‌ನಲ್ಲಿ 65 ಕಿಲೋ. ಎರಡನೆಯದು ಬರೀ 650 ಗ್ರಾಂ! ಚಿಹ್ನೆಯ ಒಳಗೇ ‘ನೂರರಿಂದ ಭಾಗಿಸು’ ಅನ್ನುವ ಅರ್ಥ ಅಡಗಿದೆ. ಅದಕ್ಕೇ ಮೊದಲು ನೂರರಿಂದ ಗುಣಿಸಿ, ಆಮೇಲೆ ಚಿಹ್ನೆ ಹಾಕಬೇಕು.

ಉತ್ತರ 100% ದಾಟಿದರೆ ಹೆದರಬೇಡಿ. 1.25 ಕ್ವಿಂಟಲ್ ಅಂದರೆ 125 ಕಿಲೋ, ಹಾಗೆಯೇ 1.25 ಅಂದರೆ 125%. ಭಿನ್ನರಾಶಿ ಬಂದರೆ ಮೊದಲು ಭಾಗಿಸಿ ದಶಮಾಂಶ ಮಾಡಿಕೊಳ್ಳಿ. 20ಕ್ಕೆ 17 ಅಂಕ ಬಂದಿದ್ದರೆ 17 ÷ 20 = 0.85, ಅಂದರೆ 85%.

ಮೂರು ಅಂಕಿಯ ದಶಮಾಂಶಕ್ಕೆ ಘಟ್ಟದ ಕೆಳಗೆ ಹೋಗೋಣ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆಗಳಿವೆ. ಸಮುದ್ರದ ನೀರಿನ ತೂಕದಲ್ಲಿ ಸುಮಾರು 0.035 ಭಾಗ ಉಪ್ಪು. ಬಿಂದುವನ್ನು ಎರಡೇ ಮನೆ ಸರಿಸಿ, ಮೂರಲ್ಲ. 3.5% ಬಂತು. ಒಂದು ಕ್ವಿಂಟಲ್ ಸಮುದ್ರದ ನೀರು ಪೂರ್ತಿ ಆರಿದರೆ ಸುಮಾರು ಮೂರೂವರೆ ಕಿಲೋ ಉಪ್ಪು ಉಳಿಯುತ್ತದೆ.

ಈಗ ನೀವೇ ಮಾಡಿ: 0.6, 0.06, 0.006, 1.6. ಪ್ರತಿಯೊಂದಕ್ಕೂ ಮೊದಲು ಎಷ್ಟು ಕಿಲೋ ಅಂತ ಬರೆಯಿರಿ, ಆಮೇಲೆ ಶೇಕಡಾ. 60%, 6%, 0.6%, 160% ಬಂದಿದ್ದರೆ ಸರಿ. ಮೂರನೆಯದು ತಪ್ಪಿದ್ದರೆ 600 ಗ್ರಾಂ ಅಡಿಕೆಯನ್ನು ಮನಸ್ಸಿನಲ್ಲೇ ತಕ್ಕಡಿಗೆ ಹಾಕಿ, ಇನ್ನೊಮ್ಮೆ ಮಾಡಿ ನೋಡಿ.